ಹೊಕ್ಕುಳ ಮೇಲಿನ ಕೈ

ಪಿಂಪ್ರಿಯಲ್ಲಿ ನಾನು ಊಟ ಮಾಡುತ್ತಿದ್ದ ಖಾನಾವಳಿಗೆ ಬೋರ್ಡು ಇರಲಿಲ್ಲ. ಬೇಕಾಗಿಯೂ ಇರಲಿಲ್ಲ. ರೈಲು ಹಳಿಯ ಪಕ್ಕದ ಓಣಿಗೆ ಕಾಲಿಟ್ಟರೆ ಸಾಕು, ಮೇಲಿನ ಮಹಡಿಯಿಂದ ಒಂದು ಧ್ವನಿ ಬರುತ್ತಿತ್ತು: "ಏ, ಯಾರ್ದೋ ಇದು ತಾಟು? ತೊಳ್ಯಾಕ ಊರಿಂದ ನಿಮ್ಮಪ್ಪ ಬರ್ತಾನೇನು?" ಆ ಧ್ವನಿ ಹಿಡಿದು ಮೆಟ್ಟಿಲು ಹತ್ತಿದವನಿಗೆ ಬಿಸಿ ಜೋಳದ ರೊಟ್ಟಿ ಸಿಗುತ್ತಿತ್ತು. ಲೋಕಲ್ ರೈಲು ಹಾದು ಹೋಗುವಾಗ ನಾವೆಲ್ಲ ಮಾತು ನಿಲ್ಲಿಸುತ್ತಿದ್ದೆವು. ಮಾವಶಿ ನಿಲ್ಲಿಸುತ್ತಿರಲಿಲ್ಲ. ರೈಲೇ ಅಲ್ಲಿ ಸ್ವಲ್ಪ ತಗ್ಗಿಕೊಂಡು ಹೋಗುತ್ತಿತ್ತು ಎಂದು ನನಗೆ ಇವತ್ತಿಗೂ ಅನುಮಾನ.

ಮಾವಶಿ ಎಂದರೆ ತಾಯಿಯ ತಂಗಿ. ಈ ಮಾವಶಿ ನಮ್ಮಲ್ಲಿ ಯಾರ ತಾಯಿಗೂ ತಂಗಿಯಾಗಿರಲಿಲ್ಲ. ವಿಜಯಪುರದ ಕಡೆಯವರು, ಗಂಡನಿಗೆ ಇಲ್ಲಿಯ ಕಾರ್ಖಾನೆಯಲ್ಲಿ ನೌಕರಿ ಸಿಕ್ಕಿದಾಗ ಬಂದವರು. ಗಂಡ ನಿವೃತ್ತರಾದ ಮೇಲೆ ಮನೆಯ ಹೊರಕೋಣೆಯಲ್ಲಿ ಚಾಪೆ ಹಾಸಿ ಖಾನಾವಳಿ ಶುರು ಮಾಡಿದ್ದರು. ಗಂಡನನ್ನು ನಾವು ಕಾಕಾ ಎನ್ನುತ್ತಿದ್ದೆವು. ಕಾಕಾ ಇಡೀ ಆಯುಷ್ಯ ಯಂತ್ರಗಳ ಗದ್ದಲದಲ್ಲಿ ಕಳೆದು ಮಾತು ದಂಡ ಎಂಬ ತೀರ್ಮಾನಕ್ಕೆ ಬಂದವರು. ಹುಬ್ಬು ಎತ್ತಿದರೆ ಪಲ್ಲೆ ಬೇಕು, ಇಳಿಸಿದರೆ ಸಾಕು. ಮನೆಗೆ ಬೇಕಾದ ಒಟ್ಟು ಮಾತನ್ನು ಮಾವಶಿಯೇ ಆಡುತ್ತಿದ್ದುದರಿಂದ ಯಾರಿಗೂ ಕೊರತೆ ಕಾಣುತ್ತಿರಲಿಲ್ಲ.

ಊಟಕ್ಕೆ ಬರುವವರಲ್ಲಿ ಹೆಚ್ಚಿನವರು ಯಾದಗಿರಿ, ಕಲಬುರಗಿ ಕಡೆಯ ಫಿಟ್ಟರುಗಳು, ಕಟ್ಟಡದ ಕೆಲಸದವರು. ಇವರ ನಡುವೆ ದಾರಿ ತಪ್ಪಿ ಬಂದಂತೆ ಒಬ್ಬ ಮೈಸೂರು ಹುಡುಗ. ಕಂಪನಿಯ ಕ್ಯಾಬಿನಲ್ಲಿ ಹಿಂಜವಾಡಿಯ ಸಾಫ್ಟ್‌ವೇರ್ ಆಫೀಸಿಗೆ ಹೋಗುವವನು. ಟ್ರಾಫಿಕ್ಕಿನಲ್ಲೇ ಅರ್ಧ ನಿದ್ದೆ ಮುಗಿಸುವವನು. ಮಾವಶಿಯನ್ನು 'ಆಂಟಿ' ಎಂದು ಕರೆದು ದಿನಾ ಒಮ್ಮೆ ಬೈಸಿಕೊಳ್ಳುವುದು, ಎಣ್ಣೆಗಾಯಿಯ ಬಟ್ಟಲಲ್ಲಿ ಸಾಂಬಾರು ಹುಡುಕುವುದು ಅವನ ಎರಡು ಹವ್ಯಾಸ.

ಇನ್ನು ನಾನು. ಫಿಸಿಯೋಥೆರಪಿ ಓದು ಮುಗಿಸಿ ಆಸ್ಪತ್ರೆಯೊಂದರಲ್ಲಿ ಇಂಟರ್ನ್ ಆಗಿದ್ದೆ. ಮನುಷ್ಯನ ಮೈಯಲ್ಲಿ ಇರಬೇಕಾದ ಸ್ನಾಯುಗಳೆಲ್ಲ ನನ್ನಲ್ಲೂ ಇವೆ ಎಂದು ಪುಸ್ತಕ ಹೇಳುತ್ತದೆ, ಕನ್ನಡಿ ಒಪ್ಪುವುದಿಲ್ಲ. ಅಂಗಿ ಬಿಚ್ಚಿದರೆ ನಾನು ಬಟ್ಟೆ ಒಣಹಾಕುವ ಸ್ಟ್ಯಾಂಡಿನ ಹಾಗೆ ಕಾಣುತ್ತೇನೆ. ಅದಕ್ಕೇ ಇರಬೇಕು, ಚಿಕ್ಕಂದಿನಿಂದಲೂ ಬೇರೆಯವರ ಮೈ, ಬೇರೆಯವರ ದನಿ ಎರವಲು ತಂದುಕೊಂಡು ಬದುಕುವ ಚಟ. ಯಾರೇ ಎದುರಿಗೆ ಬಂದರೂ ಅವರು ಬೆನ್ನು ತಿರುಗಿಸುವಷ್ಟರಲ್ಲಿ ನಾನು ಅವರಾಗಿರುತ್ತಿದ್ದೆ.

ಮಿಮಿಕ್ರಿ ಗಂಟಲಿನ ಕೆಲಸ ಎಂದು ನೋಡುವವರು ತಿಳಿಯುತ್ತಾರೆ. ನಾನೂ ಹಾಗೇ ತಿಳಿದಿದ್ದೆ. ಕಾಲೇಜಿನ ಮೊದಲ ವರ್ಷ ಪ್ರೊಫೆಸರು ನಮ್ಮನ್ನು ಜೋಡಿ ಜೋಡಿಯಾಗಿ ನಿಲ್ಲಿಸಿ, "ಒಬ್ಬರ ಹೊಟ್ಟೆಯ ಮೇಲೆ ಒಬ್ಬರು ಅಂಗೈ ಇಡಿ. ಈಗ ಮಾತಾಡಿ, ಕೆಮ್ಮಿ, ನಗಿ" ಎಂದರು. ಅಂಗೈ ಕೆಳಗೆ ಒಂದು ಗೋಡೆ ಎದ್ದು ನಿಂತಿತು. ಮಾತಿಗೆ ಒಂದಿಷ್ಟು, ನಗುವಿಗೆ ಕುಲುಕಿ ಕುಲುಕಿ, ಕೆಮ್ಮಿಗೆ ಹಲಗೆಯ ಹಾಗೆ ಬಿಗಿದು. ಅವತ್ತಿನಿಂದ ನಾನು ಜನರ ಮುಖ ನೋಡುವುದು ಬಿಟ್ಟು ಹೊಟ್ಟೆ ನೋಡಲು ಶುರು ಮಾಡಿದೆ. ಬಸ್ಸಿನಲ್ಲಿ ಇದರಿಂದ ಒಂದೆರಡು ಸಲ ತೊಂದರೆಯೂ ಆಯಿತು, ಇರಲಿ.

ಹೊಟ್ಟೆಯ ಮುಂಭಾಗದಲ್ಲಿ ಎಲುಬಿಲ್ಲ. ಮೇಲೆ ಪಕ್ಕೆಲುಬು, ಕೆಳಗೆ ಸೊಂಟದ ಎಲುಬು. ನಡುವಿನ ಬಯಲನ್ನು ಕಾಯುವುದು ಬರೀ ಮಾಂಸದ ಪದರಗಳು. ಎರಡೂ ಬದಿಗೆ ಮೂರು ಮೂರು ಹಾಸು. ತೀರ ಹೊರಗಿನದರ ಎಳೆಗಳು, ಪ್ಯಾಂಟಿನ ಜೇಬಿಗೆ ಕೈ ಇಳಿಬಿಟ್ಟಾಗ ಬೆರಳು ಹೋಗುವ ದಿಕ್ಕಿನಲ್ಲಿ ಓರೆಯಾಗಿ ಇಳಿಯುತ್ತವೆ. ಅದರ ಒಳಗಿನದು ಹಟಕ್ಕೆ ಬಿದ್ದಂತೆ ಎದುರು ಓರೆ. ಮೂರನೆಯದು ಅಡ್ಡ, ನಮ್ಮ ಕಡೆಯ ಹೆಂಗಸರು ಸೊಂಟಕ್ಕೆ ಕಟ್ಟುವ ಡಾಬಿನಂತೆ ಸುತ್ತ ಬಿಗಿಯುತ್ತದೆ. ಮುಂದೆ ನಟ್ಟನಡುವೆ, ಎದೆಗೂಡಿನಿಂದ ಕೆಳಕ್ಕೆ, ಎರಡು ಉದ್ದನೆಯ ಪಟ್ಟಿಗಳು. ಜಿಮ್ಮಿನ ಹುಡುಗರು ಕನ್ನಡಿಯ ಮುಂದೆ ಅಂಗಿ ಎತ್ತಿ ಎಣಿಸಿಕೊಳ್ಳುವುದು ಇವನ್ನೇ. ಈ ಎರಡು ಪಟ್ಟಿಗಳ ನಡುವೆ ಮಾಂಸವಿಲ್ಲ. ಎಡದ ಪದರ, ಬಲದ ಪದರಗಳ ಬಿಳಿ ನಾರು ಬಂದು ಒಂದರೊಳಗೊಂದು ಹೆಣೆದುಕೊಂಡ ಗೆರೆ ಇದೆ, ಅಷ್ಟೇ. ಪುಸ್ತಕದಲ್ಲಿ ಅದಕ್ಕೆ ಲಿನಿಯಾ ಆಲ್ಬಾ ಎನ್ನುತ್ತಾರೆ. ಹೆಸರು ಕೇಳಿದರೆ ಯಾವುದೋ ವಿದೇಶಿ ಸಾಬೂನು. ಕೆಲಸ ನೋಡಿದರೆ ಮೇಲಿಂದ ಕೆಳಗಿನವರೆಗೆ ಹಾಕಿದ ಹೊಲಿಗೆ.

ಮೈಸೂರು ಹುಡುಗನ ಮಾತು ಪಕ್ಕೆಲುಬಿನಿಂದ ಕೆಳಗೆ ಇಳಿಯುವುದೇ ಇಲ್ಲ. ಅವನಾಗಬೇಕಾದರೆ ನಾನು ಹೊಟ್ಟೆಗೆ ರಜೆ ಕೊಟ್ಟು ಮೂಗಿಗೆ ಕೆಲಸ ಹಚ್ಚುತ್ತಿದ್ದೆ. ಓಣಿಯಲ್ಲಿ ಮೇಥಿ ಸೊಪ್ಪು ಮಾರುವವನು ಮರಾಠಿಯಲ್ಲಿ ಕೂಗುವಾಗ ಕಿಬ್ಬೊಟ್ಟೆಯಿಂದ ಒಂದೇ ಒಂದು ಜಗ್ಗು. ಉಳಿದದ್ದು ತಾನಾಗಿ ಹಾರುತ್ತದೆ. ಆದರೆ ನನ್ನ ದೊಡ್ಡ ಐಟಂ ಮಾವಶಿಯೇ. ಅವರ ಕೂಗಿಗೆ ಆರು ಪದರ ಎರಡು ಪಟ್ಟಿ ಎಲ್ಲವೂ ಒಟ್ಟಿಗೆ ಎದ್ದು ನಿಲ್ಲಬೇಕು. ಸುತ್ತ ಡಾಬು ಬಿಗಿಯಬೇಕು. ಮತ್ತು ಎಡಗೈ. ಮಾವಶಿ ಯಾವಾಗ ಕೂಗಿದರೂ ಎಡ ಅಂಗೈಯನ್ನು ಹೊಕ್ಕುಳಿನಿಂದ ಒಂದಿಷ್ಟು ಮೇಲೆ, ಸೆರಗಿನ ಮೇಲಿಂದ, ಒತ್ತಿ ಹಿಡಿಯುತ್ತಿದ್ದರು. ಕತ್ತಿಯ ಹಿಡಿಗೆ ಕೈ ಇಟ್ಟ ಸೇನಾಪತಿಯ ಗತ್ತು! ನವೆಂಬರಿನಲ್ಲಿ ನಾವೇ ಖಾನಾವಳಿಯಲ್ಲಿ ರಾಜ್ಯೋತ್ಸವ ಮಾಡಿದಾಗ ನಾನು ಟವೆಲ್ಲನ್ನು ಸೆರಗು ಮಾಡಿಕೊಂಡು ಮಾವಶಿಯಾದೆ. ಬೈಗುಳಕ್ಕಿಂತ ಆ ಕೈಗೇ ಜಾಸ್ತಿ ನಗು ಬಿತ್ತು. ಮಾವಶಿ ಕೂಡ ನಕ್ಕು ನಕ್ಕು ಕಣ್ಣೊರೆಸಿಕೊಂಡರು.

"ಮಂಗ್ಯಾ, ನನ್ನ ನಾನಽ ನೋಡಿಧಾಂಗ ಆತಲ್ಲೋ!"

ಹಾಗೆ ನಗುವಾಗಲೂ ಅವರ ಕೈ ಅಲ್ಲೇ ಇತ್ತು. ಅದನ್ನೂ ನಾನು ಮನಸ್ಸಿನಲ್ಲೇ ಬರೆದಿಟ್ಟುಕೊಂಡೆ, ಮುಂದಿನ ಶೋಗೆ.

ಕೆಲವು ದಿನಗಳ ನಂತರ ಆಸ್ಪತ್ರೆಯ ವಾರ್ಡಿನಲ್ಲಿ ಸರ್ಜನ್ ಮೇಡಂ ನಮ್ಮನ್ನು ಒಬ್ಬ ಮುದುಕನ ಮಂಚದ ಸುತ್ತ ನಿಲ್ಲಿಸಿದರು. "ಬಾಬಾ, ಜೋರಾತ್ ಖೋಕಾ" ಎಂದರು, ಜೋರಾಗಿ ಕೆಮ್ಮಿ ಅಂತ. ಮುದುಕ ಕೆಮ್ಮುವ ಮೊದಲೇ ಅವನ ಕೈ ಹೊಟ್ಟೆಯ ಒಂದು ಜಾಗಕ್ಕೆ ನೇರ ಹೋಗಿ ಒತ್ತಿಕೊಂಡಿತು. ಮೇಡಂ ಆ ಕೈಯನ್ನು ಮೆಲ್ಲನೆ ಸರಿಸಿ ಮತ್ತೆ ಕೆಮ್ಮಿಸಿದರು. ಅಲ್ಲಿ ಗೋಲಿಯಷ್ಟು ಗಾತ್ರದ್ದು ಏನೋ ಉಬ್ಬಿ ಒಳಗೆ ಹೋಯಿತು. "ಹರ್ನಿಯಾ ಎಲ್ಲಿದೆ ಅಂತ ನಾನು ಕೇಳಲಿಲ್ಲ, ನೋಡಿ. ಕೈಗೆ ಗೊತ್ತಿರುತ್ತೆ" ಎಂದರು.

ಎಲ್ಲರೂ ಮುದುಕನ ಕೈ ನೋಡುತ್ತಿದ್ದರು. ನಾನು ನನ್ನ ಕೈ ನೋಡಿಕೊಂಡೆ. ಬೆಳಗಿನ ಚಹಾಕ್ಕೆ ಕ್ಯಾಂಟೀನಿನಲ್ಲಿ ಗೆಳೆಯರಿಗೆ ಮಾವಶಿಯನ್ನು ಮಾಡಿ ತೋರಿಸಿ ಬಂದಿದ್ದೆ. ಎಡ ಅಂಗೈ ಇನ್ನೂ ಹೊಕ್ಕುಳ ಮೇಲೆ ಕೂತಿತ್ತು. ಬಿಳಿ ಗೆರೆಯ ಮೇಲೇ, ಅಳೆದು ಇಟ್ಟಂತೆ.

ಅವತ್ತು ಸಂಜೆ ಎಲ್ಲರಿಗಿಂತ ಮುಂಚೆ ಖಾನಾವಳಿಗೆ ಹೋದೆ. ಮೈಸೂರು ಹುಡುಗ ಒಬ್ಬನೇ ಮೂಲೆಯಲ್ಲಿ ಫೋನು ನೋಡುತ್ತ ಕೂತಿದ್ದ. ಮಾವಶಿ ಕೌದಿ ಹಾಸಿಕೊಂಡು ಮೆಂತ್ಯ ಸೋಸುತ್ತಿದ್ದರು. ಪಕ್ಕದ ಕುರ್ಚಿಯಲ್ಲಿ ಕಾಕಾ ಪೇಪರು ಹಿಡಿದಿದ್ದರು.

"ಮಾವಶಿ, ಒಂದ್ಸಲ ಕೆಮ್ಮರಿ."

"ಯಾಕ, ಹೊಸಾ ಐಟಂ ಏನು?"

"ಐಟಂ ಅಲ್ರಿ. ಖರೇನ ಹೇಳಾಕತ್ತೀನಿ."

"ನಿನ್ನ ಬಾಯಾಗ ಖರೇ ಮಾತು ಬಂದ್ರ ನಾ ಕೆಮ್ಮೂದೇನು, ಕುಣೀತೀನಿ."

"ಮತ್ತ ಒದರುವಾಗ ಕೈ ಯಾಕ ಅಲ್ಲೆ ಇಡ್ತೀರಿ?"

ಮಾವಶಿ ಮೆಂತ್ಯದ ಎಲೆಗಳನ್ನು ಬಹಳ ಶ್ರದ್ಧೆಯಿಂದ ನೋಡತೊಡಗಿದರು. ಪೇಪರಿನ ಹಿಂದಿನಿಂದ ಕಾಕಾ ಮಾತಾಡಿದರು: "ನಿಂಬಿಕಾಯಿ ಅದ." ಆ ತಿಂಗಳಿಗೆ ಅವರ ಪಾಲಿನ ಮಾತು ಅಷ್ಟೇ.

ನಿಂಬೆಕಾಯಿಯಷ್ಟು ಗಂಟು ಇತ್ತಂತೆ. ಎರಡನೆಯ ಹೆರಿಗೆಯ ನಂತರ ಸಣ್ಣಗೆ ಬಂದದ್ದು, ಖಾನಾವಳಿಯ ಬೋಗುಣಿ ಎತ್ತೆತ್ತಿ ದೊಡ್ಡದಾಗಿತ್ತಂತೆ. ಕೂಗಿದರೆ, ಕೆಮ್ಮಿದರೆ ಹೊರಗೆ ಬರುವುದು. ಮಲಗಿದರೆ ಒಳಗೆ ಹೋಗುವುದು.

"ಬರತದ, ಹೋಗತದ. ನಿಮ್ಮಂಗನ. ಪುಣ್ಯಾಕ ಅದಕ್ಕ ರೊಟ್ಟಿ ಬಡೀಬೇಕಾಗಿಲ್ಲ" ಎಂದು ಮಾವಶಿ ನಗೆಯಾಡಿದರು.

ಈ ಊರಿನಲ್ಲಿ ಇದು ನನ್ನ ಕಷ್ಟ. ಎಲ್ಲರನ್ನೂ ನಗಿಸಿ ನಗಿಸಿ, ನಾನು ನಿಜ ಹೇಳಿದಾಗಲೂ ಜನ ಮುಂದಿನ ಜೋಕಿಗೆ ಕಾಯುತ್ತಾರೆ. ನನ್ನ ಕಣ್ಣು ಅವರು ಕೂತಿದ್ದ ಕೌದಿಯ ಮೇಲೆ ಬಿತ್ತು. ಹಳೆಯ ಸೀರೆಗಳನ್ನು ಪದರ ಪದರವಾಗಿ ಹಾಸಿ ಅವರೇ ಕೈಯಿಂದ ಹೊಲಿದದ್ದು.

"ಇದರಾಗ ಎಷ್ಟ ಸೀರಿ ಅದಾವ್ರಿ ಮಾವಶಿ?"

"ನಾಕ್. ಒಳಗಿಂದು ನಮ್ಮತ್ತೀದು. ಹರಕಾದ್ರೂ ಬಿಗೀ ಅದ, ಅಕಿ ಹಂಗ."

"ನಿಮ್ಮ ಹೊಟ್ಟೀನೂ ಇಂಥಾದ ಕೌದಿರಿ. ಪದರ ಎಲ್ಲಾ ಗಟ್ಟಿ ಅದಾವ. ಆದ್ರ ನಟ್ಟನಡುವ ಒಂದು ಹೊಲಿಗಿ ಅದ, ಅದು ಸಡಲ ಆಗ್ಯದ. ಆ ಸಂದಿಯಾಗಿಂದ ಒಳಗಿಂದು ಹೊರಗ ಹಣಕಿ ಹಾಕ್ತದ."

"ಹೊಲಿಗಿ ಬಿಚ್ಚಿದ್ರ ಏನ್ ಮಹಾ? ಸೂಜಿ ತಾ, ನಾಕ್ ಟಾಕಿ ನಾನಽ ಹಾಕ್ಕೋತೀನಿ."

"ಇವತ್ತು ಹೊರಗ ಬಂದದ್ದು ಒಳಗ ಹೋಗಾಕತ್ತದ್ರಿ. ಒಂದಿನ ಕರುಳು ಬಂದು ಸಿಕ್ಕೊಂಡು ಕೂತ್ರ? ಒಳಗೂ ಹೋಗಲಿಲ್ಲ, ಹೊರಗೂ ಬರಲಿಲ್ಲ ಅಂದ್ರ? ಆವಾಗ ದವಾಖಾನಿಗೆ ಓಡಾಕೂ ಟೈಮ್ ಸಿಗೂದಿಲ್ಲ."

ಮೈಸೂರು ಹುಡುಗ ಫೋನಿನಿಂದ ತಲೆ ಎತ್ತಿ ನನ್ನ ಮುಖವನ್ನೇ ನೋಡಿದ. "ಆಂಟಿ, ಇವನು ನಗ್ತಾ ಇಲ್ಲ. ಸೀರಿಯಸ್ಸಾಗೇ ಹೇಳ್ತಿದಾನೆ ಅನ್ಸತ್ತೆ."

ಮಾವಶಿಯೂ ನೋಡಿದರು. ಕರುಳಿನ ಮಾತಿಗೆ ಹೆದರದವರು ನನ್ನ ಮುಖ ನೋಡಿ ಹೆದರಿದರು. "ಅಯ್ಯ ಶಿವನ, ಇಂವ ನಗವಲ್ಲನಲ್ಲ!" ಎಂದು ಮೆಂತ್ಯ ಬದಿಗಿಟ್ಟು ಕಾಕಾನ ಕಡೆ ತಿರುಗಿದರು. ಕಾಕಾ ಆಗಲೇ ಎದ್ದು ಚಪ್ಪಲಿ ಹುಡುಕುತ್ತಿದ್ದರು.

ಶಸ್ತ್ರಚಿಕಿತ್ಸೆ ನಾನಿದ್ದ ಆಸ್ಪತ್ರೆಯಲ್ಲೇ, ಅದೇ ಮೇಡಂ ಕೈಯಲ್ಲಿ, ಸುಸೂತ್ರವಾಗಿ ಆಯಿತು. ಬಿಳಿ ಗೆರೆಯ ಸಂದನ್ನು ಕೂಡಿಸಿ ಹೊಲಿದು, ಅದು ಮತ್ತೆ ಸಡಿಲವಾಗದಂತೆ ಸೊಳ್ಳೆ ಪರದೆಯಂಥ ಒಂದು ಜಾಳಿಗೆಯ ತುಂಡನ್ನು ಇಟ್ಟಿದ್ದರು. ಮೈಯೇ ನಿಧಾನಕ್ಕೆ ಆ ಜಾಳಿಗೆಯ ಕಣ್ಣುಗಳ ಒಳಗೆ ನಾರು ಬೆಳೆಸಿ ಅದನ್ನು ತನ್ನದು ಮಾಡಿಕೊಳ್ಳುತ್ತದೆ. ನಮ್ಮ ಮೈಸೂರು ಹುಡುಗ ಜೋಳದ ರೊಟ್ಟಿಯನ್ನು ತನ್ನದು ಮಾಡಿಕೊಂಡ ಹಾಗೆ, ಸ್ವಲ್ಪ ಕಾಲ ಹಿಡಿಯುತ್ತದೆ.

ನಿಜವಾದ ತೊಂದರೆ ಶುರುವಾದದ್ದು ಆಮೇಲೆ. ಪಕ್ಕದ ಮಂಚದ ಹೆಂಗಸು ಮಾವಶಿಗೆ ಒಂದು ಕಥೆ ಹೇಳಿದ್ದರು: ತಮ್ಮ ನಾದಿನಿಗೂ ಹೀಗೇ ಜಾಳಿಗೆ ಹಾಕಿದ್ದರು, ಮನೆಗೆ ಹೋಗಿ ಸೊಸೆಗೆ ಒಂದು ಮಾತು ಜೋರಾಗಿ ಅಂದರಂತೆ, ಟರ್ ಎಂದು ಹರಿಯಿತಂತೆ. ಸರ್ಜನ್ ಮೇಡಂ ಹೇಳಿದ ಹತ್ತು ಮಾತು ಮಾವಶಿಯ ಕಿವಿಗೆ ಬೀಳಲಿಲ್ಲ, ಈ 'ಟರ್' ಮಾತ್ರ ಬಿತ್ತು. ಅವತ್ತಿನಿಂದ ಪಿಂಪ್ರಿಯ ರೈಲನ್ನು ತಗ್ಗಿಸಿದ ಧ್ವನಿ ಪಿಸುಗುಟ್ಟತೊಡಗಿತು.

ಕೆಮ್ಮಿಸುವ ಕೆಲಸ ನನ್ನ ಪಾಲಿಗೆ ಬಂತು. ಹೊಟ್ಟೆಯ ಶಸ್ತ್ರಚಿಕಿತ್ಸೆ ಆದವರು ನೋವಿಗೆ ಹೆದರಿ ಕೆಮ್ಮುವುದಿಲ್ಲ, ಕೆಮ್ಮದಿದ್ದರೆ ಕಫ ಎದೆಯಲ್ಲೇ ಕೂರುತ್ತದೆ. ಅದಕ್ಕೆ ಒಂದು ದಿಂಬನ್ನು ಹೊಟ್ಟೆಗೆ ಅವುಚಿ ಹಿಡಿಸಿ ಕೆಮ್ಮಿಸುತ್ತೇವೆ. ದಿಂಬು ಹೊರಗಿನಿಂದ ಇನ್ನೊಂದು ಗೋಡೆಯಾಗುತ್ತದೆ. ಮಾವಶಿ ದಿಂಬನ್ನು ಮೊಮ್ಮಗನ ಹಾಗೆ ಅಪ್ಪಿಕೊಂಡು "ಖುಕ್" ಎಂದರು.

"ಇದೇನ್ರಿ ಮಾವಶಿ, ಬೀಗರ ಮನ್ಯಾಗ ಕೂತು ಕೆಮ್ಮಿಧಾಂಗ?"

"ಅಷ್ಟ ಬರತದ, ಹೋಗೋ" ಎಂದು ಪಿಸುಗುಟ್ಟಿದರು.

ಬೇಡಿ, ಕಾಡಿ, ಪಕ್ಕದ ಮಂಚದ ಹೆಂಗಸನ್ನು, ವಾರ್ಡಿನ ಆಯಾಳನ್ನು, ನನ್ನ ಪ್ರೊಫೆಸರನ್ನು ಮಾಡಿ ತೋರಿಸಿ, ಎದೆ ಖಾಲಿಯಾಗುವಷ್ಟು ಕೆಮ್ಮಿಸಿ ಮನೆಗೆ ಕಳಿಸಿದೆವು. ಆದರೆ ಪಿಸುಮಾತು ಹಾಗೇ ಉಳಿಯಿತು.

ಖಾನಾವಳಿಗೆ ಧ್ವನಿ ಎಷ್ಟು ಮುಖ್ಯ ಎಂಬುದು ಅದು ಹೋದ ಮೇಲೆ ತಿಳಿಯಿತು. ಪಕ್ಕದ ಮನೆಯವರು ಬಂದು ರೊಟ್ಟಿ ಬಡಿದು ಕೊಡುತ್ತಿದ್ದರು, ರುಚಿಗೇನೂ ಕಡಿಮೆ ಇರಲಿಲ್ಲ. ಆದರೆ ಹುಡುಗರು ಬೇಕಾದ ಹೊತ್ತಿಗೆ ಬಂದರು, ತಾಟು ತೊಳೆಯದೆ ಎದ್ದರು. ಒಂದಿಬ್ಬರು ಬರುವುದನ್ನೇ ಬಿಟ್ಟರು. ರೊಟ್ಟಿ ಪಿಂಪ್ರಿಯಲ್ಲಿ ಬೇರೆ ಕಡೆಯೂ ಸಿಗುತ್ತದೆ. ಮನೆಯಿಂದ ಇಷ್ಟು ದೂರ ಬಂದವನಿಗೆ ಹೆಸರು ಹಿಡಿದು ಬೈಯುವವರು ಇನ್ನೆಲ್ಲೂ ಸಿಗುವುದಿಲ್ಲ. ಕಾಕಾ ಒಮ್ಮೆ ಬಾಗಿಲಲ್ಲಿ ನಿಂತು "ತಾಟು" ಎಂದರು. ಯಾರಿಗೂ ಕೇಳಿಸಲಿಲ್ಲ. ಆಮೇಲೆ ನನ್ನ ಕಡೆ ನೋಡಿ ಹುಬ್ಬು ಎತ್ತಿದರು.

ನಾನು ಅಡುಗೆಮನೆಗೆ ಹೋಗಿ, ಎಡಗೈಯನ್ನು ಹೊಕ್ಕುಳ ಮೇಲಿಟ್ಟು, ಡಾಬು ಬಿಗಿದು, ಬಿಟ್ಟೆ: "ಏ! ತಾಟ್ ತೊಳ್ಯಾಕ ನಿಮ್ಮಪ್ಪ ಬರ್ತಾನೇನೋ?"

ಫಿಟ್ಟರುಗಳು ಒಬ್ಬರ ಮೇಲೊಬ್ಬರು ಬಿದ್ದು ನಲ್ಲಿಗೆ ಓಡಿದರು. ಒಬ್ಬ ಬೇರೆಯವನ ತಾಟನ್ನೂ ತೊಳೆದ. ಒಳಕೋಣೆಯ ಪರದೆಯ ಹಿಂದೆ ಮಲಗಿದ್ದ ಮಾವಶಿ ತಮ್ಮ ಧ್ವನಿಯನ್ನು ತಾವೇ ಕೇಳಿ ಬೆಚ್ಚಿಬಿದ್ದರಂತೆ, ನಾನೇ ಮರೆತು ಕೂಗಿಬಿಟ್ಟೆನೇ ಎಂದು ಹೊಟ್ಟೆ ಮುಟ್ಟಿ ನೋಡಿಕೊಂಡರಂತೆ.

ಹೀಗೆ ನಾನು ಖಾನಾವಳಿಯ ಅಧಿಕೃತ ಧ್ವನಿಯಾದೆ. ಸಂಬಳ, ದಿನಾ ಒಂದು ರೊಟ್ಟಿ ಜಾಸ್ತಿ. ಆಸ್ಪತ್ರೆಯಲ್ಲಿ ಯಾರೂ ಕೊಡದ ಮರ್ಯಾದೆ ಇಲ್ಲಿ ಸಿಗುತ್ತಿತ್ತು, ಅದೂ ಇನ್ನೊಬ್ಬರ ಹೆಸರಿನಲ್ಲಿ.

ವಾರಗಳು ಕಳೆದವು. ತಪಾಸಣೆಗೆ ಹೋದಾಗ ಮೇಡಂ ಹೊಟ್ಟೆ ಒತ್ತಿ ನೋಡಿ, ಕೆಮ್ಮಿಸಿ ನೋಡಿ, "ಗೋಡೆ ಗಟ್ಟಿಯಾಗಿದೆ. ಭಾರ ಎತ್ತುವುದೊಂದು ಇನ್ನೂ ಕೆಲವು ದಿನ ಬೇಡ. ಮಾತಾಡಿ, ನಗಿ, ಬೇಕಾದರೆ ಜಗಳ ಆಡಿ" ಎಂದರು. ಮಾವಶಿ ತಲೆಯಾಡಿಸಿ, "ಹೂಂ" ಎಂದು ಪಿಸುಗುಟ್ಟಿ ಬಂದರು. ನಾನು ವ್ಯಾಯಾಮ ಹೇಳಿಕೊಟ್ಟೆ: ಕುಕ್ಕರಿನ ಹಾಗೆ 'ಸ್ಸ್...' ಎಂದು ಉಸಿರು ಬಿಡುತ್ತ ಹೊಟ್ಟೆಯನ್ನು ಒಳಕ್ಕೆ ಸೆಳೆಯುವುದು, ಒಳಗಿನ ಡಾಬು ಬಿಗಿಯುವುದನ್ನು ಬೆರಳಿಂದ ಮುಟ್ಟಿ ನೋಡುವುದು. "ಒದರೂದಾದ್ರ ಹೊಟ್ಟಿಂದ ಒದರ್ರಿ, ಗಂಟಲಿಂದ ಬ್ಯಾಡ. ಈ ಡಾಬು ಬಿಗದ್ರ ನಡುವಿನ ಹೊಲಿಗಿಗೆ ಪದರೆಲ್ಲಾ ಆಸರ ಕೊಡ್ತಾವ" ಎಂದು ದಿನಾ ಪಾಠ ಮಾಡಿದೆ. 'ಸ್ಸ್' ಚೆನ್ನಾಗಿ ಬರುತ್ತಿತ್ತು. ಅದರ ಮುಂದೆ ಒಂದಕ್ಷರ ಬರುತ್ತಿರಲಿಲ್ಲ.

ಅಷ್ಟರಲ್ಲಿ ನನಗೆ ದೂರದ ಗ್ರಾಮೀಣ ಆಸ್ಪತ್ರೆಗೆ ಪೋಸ್ಟಿಂಗ್ ಬಂತು. ಹೇಳಿದಾಗ ಮಾವಶಿ ಕಾಕಾನ ಕಡೆ ನೋಡಿ ಪಿಸುಗುಟ್ಟಿದರು: "ಇಂವ ಹ್ವಾದ ಮ್ಯಾಲ ಮುಚ್ಚಿಬಿಡೂನು. ಒದರಾಕ ಆಗಲಾರದಾಕಿ ಖಾನಾವಳಿ ಹ್ಯಾಂಗ ನಡಸಲಿ?"

ಕಾಕಾ ಹುಬ್ಬು ಎತ್ತಲೂ ಇಲ್ಲ, ಇಳಿಸಲೂ ಇಲ್ಲ. ಅವತ್ತು ನನ್ನ ಜಾಸ್ತಿ ರೊಟ್ಟಿಯನ್ನು ಬುಟ್ಟಿಗೇ ವಾಪಸು ಇಟ್ಟೆ.

ನನ್ನ ಕೆಲಸದಲ್ಲೂ ಒಂದು ಎಡವಟ್ಟು ಆಗುತ್ತಿತ್ತು, ನನಗೆ ಗೊತ್ತಾಗದ ಹಾಗೆ. ಮಿಮಿಕ್ರಿಯವನಿಗೆ ಅಸಲು ಕಣ್ಣೆದುರು ಇರಬೇಕು. ದಿನಾ ಕೇಳಬೇಕು, ದಿನಾ ತಿದ್ದಿಕೊಳ್ಳಬೇಕು. ಮಾವಶಿಯ ಧ್ವನಿ ಕೇಳಿ ವಾರಗಳೇ ಆಗಿದ್ದವು. ನಾನು ನಿನ್ನೆಯ ನನ್ನನ್ನೇ ಇವತ್ತು ನಕಲು ಮಾಡುತ್ತಿದ್ದೆ. ಹುಡುಗರು ಎಲ್ಲಿ ನಕ್ಕರೋ ಅಲ್ಲಿ ಇನ್ನಷ್ಟು ಎಳೆದೆ. ಮೇಥಿ ಮಾರುವವನ ರಾಗ ಎಲ್ಲಿಂದಲೋ ನುಸುಳಿತು. ಧ್ವನಿ ಹೊಟ್ಟೆಯಿಂದ ಎದೆಗೆ, ಎದೆಯಿಂದ ಗಂಟಲಿಗೆ ಹತ್ತಿ ಕೂತಿತು. ಹುಡುಗರು ಮೊದಲಿಗಿಂತ ಜಾಸ್ತಿ ನಗುತ್ತಿದ್ದರು, ಕಡಿಮೆ ತಾಟು ತೊಳೆಯುತ್ತಿದ್ದರು.

ಮೈಸೂರು ಹುಡುಗ ಒಂದು ದಿನ ಹೇಳಿಯೂ ಹೇಳಿದ: "ಮಗಾ, ಬೇಜಾರ್ ಮಾಡ್ಕೋಬೇಡ. ಇತ್ತೀಚೆಗೆ ನೀನು ಆಂಟಿ ಥರ ಕೇಳಿಸ್ತಿಲ್ಲ. ಸೊಪ್ಪು ಮಾರೋನು ಸೀರೆ ಉಟ್ಕೊಂಡಂಗೆ ಕೇಳಿಸ್ತೀಯ."

"ನಿನಗೇನು ಗೊತ್ತು, ನೀ ಮೂಗಿನಾಗ ಮಾತಾಡಾಂವ" ಎಂದು ಬಾಯಿ ಮುಚ್ಚಿಸಿದೆ. ಒಳಗೊಳಗೇ ಹೆದರಿಕೆಯಾಯಿತು. ಒಳಕೋಣೆಗೆ ಹೋಗಿ, "ಮಾವಶಿ, ಒಂದೇ ಒಂದು ಸಾಲು ಅನ್ರಿ, ಸುರ್ ಹಚ್ಚಿಕೋತೀನಿ" ಎಂದೆ. "ತಾಟ್ ತೊಳೀರೋ" ಎಂದು ಪಿಸುಗುಟ್ಟಿದರು. ಪಿಸುಮಾತಿನಲ್ಲಿ ಎಲ್ಲರೂ ಒಂದೇ ಥರ. ಅದರಲ್ಲಿ ಹೊಟ್ಟೆಯೇ ಇರುವುದಿಲ್ಲ, ಏನು ನಕಲು ಮಾಡುವುದು?

ಪೋಸ್ಟಿಂಗಿಗೆ ಹೊರಡುವ ವಾರ, ಒಂದು ಸಂಜೆ, ಚಾಪೆ ತುಂಬ ಜನ. ಮೈಸೂರು ಹುಡುಗ ಕ್ಯಾಬಿನಲ್ಲಿ ಏನೋ ತಿಂದು ಬಂದಿದ್ದನೆಂದು ಅರ್ಧ ರೊಟ್ಟಿಯನ್ನು ತಾಟಿನಲ್ಲೇ ಬಿಟ್ಟು ಎದ್ದ. ಮಾವಶಿಯ ರಾಜ್ಯದಲ್ಲಿ ಇದಕ್ಕಿಂತ ದೊಡ್ಡ ಅಪರಾಧವಿಲ್ಲ. ಎಲ್ಲರೂ ಅಡುಗೆಮನೆಯ ಕಡೆ, ಅಂದರೆ ನನ್ನ ಕಡೆ, ನೋಡಿದರು. ನಾನು ಸೆರಗು ಸರಿಮಾಡಿಕೊಳ್ಳುವ ಅಭಿನಯ ಮಾಡಿ, ಧ್ವನಿಯನ್ನು ಗಂಟಲಲ್ಲಿ ತಿರುಗಿಸಿ, ರಾಗ ಎಳೆದೆ:

"ರೊಟ್ಟೀ ಯಾಕ ಬಿಟ್ರೀ ಸಾಹೇಬ್ರಽ... ತಿನ್ರೀ ಪ್ಲೀಸ್..."

ಚಾಪೆಯ ಮೇಲೆ ನಗು ಉರುಳಾಡಿತು. ಪರದೆಯ ಹಿಂದಿನಿಂದ ಏನೋ ಕೇಳಿಸಿತು. "ಹಂಗಲ್ಲ." ಫ್ಯಾನಿನ ಸದ್ದು ಎಂದುಕೊಂಡೆ. ನಗು ಇನ್ನೂ ಬೇಕಿತ್ತು.

"ಒಂದ್ ತುತ್ತರೇ ತಿನ್ರೀ ಪ್ಲೀಸ್, ನನ್ನ ಚಿನ್ನಾ..."

"ಹಂಗಲ್ಲೋ."

ಮೂರನೇ ಸಲಕ್ಕೆ ಬಾಯಿ ತೆರೆದಿದ್ದೆ. ಪರದೆ ಸರ್ ಎಂದು ಒಂದು ಕಡೆಗೆ ಹೋಯಿತು.

"ಏ ಮಂಗ್ಯಾ! ನಾ ಯಾವಾಗ ಪ್ಲೀಸ್ ಅಂದೀನೋ? ಯಾವಾಗ ಚಿನ್ನ ಅಂದೀನಿ? ಗಂಟಲಾಗ ಕುಂಯ್ ಕುಂಯ್ ಅಂತೀಯಲ್ಲ, ಬೆಕ್ಕಿನ ಮರಿ ನುಂಗೀಯೇನು? ಹೊಟ್ಟಿಂದ ಒದರಬೇಕು ಅಂತ ನಂಗ ದಿನಾ ಹೇಳ್ತಿ, ನಿನ್ನ ಹೊಟ್ಟಿ ಎಲ್ಲಿ ಅಡಾ ಇಟ್ಟೀಯೋ? ಏ ಮೈಸೂರ್ಯಾ, ನಿಲ್ಲಲ್ಲೇ! ರೊಟ್ಟಿ ಬಿಟ್ಟು ಹೊಸ್ತಿಲಾ ದಾಟಿ ನೋಡು, ನಾಳಿಂದ ಹಿಂಜವಾಡಿಗೆ ನಡಕೋತ ಹೋಗ್ತಿ!"

ಕೆಳಗೆ ಲೋಕಲ್ ರೈಲು ಹೋಗುತ್ತಿತ್ತು. ಒಂದಕ್ಷರವೂ ತಪ್ಪದೆ ಕೇಳಿಸಿತು.

ಆಮೇಲೆ ಮಾವಶಿಯ ಕಣ್ಣು ದೊಡ್ಡವಾದವು. ಎಡಗೈ ಹಳೆಯ ಜಾಗಕ್ಕೆ ಹೋಯಿತು, ಒತ್ತಿತು, ಅತ್ತಿತ್ತ ಸರಿದು ಹುಡುಕಿತು. ಕಾಕಾ ಕುರ್ಚಿಯಿಂದ ಅರ್ಧ ಎದ್ದು ಹಾಗೇ ನಿಂತಿದ್ದರು. ನಾನು ಮಾವಶಿಯಾಗಿದ್ದವನು ಒಂದೇ ಹೆಜ್ಜೆಗೆ ಫಿಸಿಯೋ ಆಗಿ ಅವರ ಪಕ್ಕಕ್ಕೆ ಹೋದೆ.

"ಕೆಮ್ಮರಿ."

ಕೆಮ್ಮಿದರು. ಬೀಗರ ಮನೆಯ ಕೆಮ್ಮಲ್ಲ. ತಮ್ಮ ಮನೆಯ ಕೆಮ್ಮು. ಅವರ ಕೈಯ ಮೇಲೆ ನನ್ನ ಕೈ ಇತ್ತು. ಕೆಳಗೆ ಓರೆ, ಎದುರು ಓರೆ, ಅಡ್ಡ, ಉದ್ದ ಎಲ್ಲವೂ ಒಟ್ಟಿಗೆ ಎದ್ದು ನಿಂತವು. ನಡುವಿನ ಗೆರೆ ಅಲುಗಲಿಲ್ಲ.

"ಏನೂ ಬರಲಿಲ್ಲೋ" ಎಂದು ಪಿಸುಗುಟ್ಟಿದರು. ಪಿಸುಗುಟ್ಟಿದ್ದು ತಮಗೇ ಕೇಳಿಸಿ, ಪಿಸುಗುಟ್ಟುವುದು ಯಾಕೆ ಎಂದು ಹೊಳೆದು, ಎದುರಿನ ಕಟ್ಟಡದವರೂ ಕಿಟಕಿ ತೆರೆಯುವ ಹಾಗೆ ಕೂಗಿದರು: "ಏನೂ ಬರಲಿಲ್ಲ!"

ಕಾಕಾ ಕೂತುಕೊಂಡರು. ಪೇಪರು ತಲೆಕೆಳಗಾಗಿ ಹಿಡಿದು ಓದತೊಡಗಿದರು. ಮೈಸೂರು ಹುಡುಗ ಹೊಸ್ತಿಲ ಹತ್ತಿರ ನಿಂತಲ್ಲೇ ಅರ್ಧ ರೊಟ್ಟಿ ತಿಂದು ಮುಗಿಸಿ, ಯಾರೂ ಹೇಳದೆ ತಾಟು ತೊಳೆದ. "ಆಂಟಿ, ಇನ್ನೊಂದು ಸಲ ಬೈರಿ, ಅಮ್ಮಂಗೆ ರೆಕಾರ್ಡ್ ಮಾಡಿ ಕಳಿಸ್ತೀನಿ" ಎಂದ. ಅದಕ್ಕೂ ಬೈಸಿಕೊಂಡ.

ಮುಚ್ಚುವ ಮಾತು ಮತ್ತೆ ಯಾರೂ ಎತ್ತಲಿಲ್ಲ. ನನ್ನ ಜಾಸ್ತಿ ರೊಟ್ಟಿಯನ್ನು ಮರುದಿನವೇ ನಿಲ್ಲಿಸಿದರು.

ಹೊರಡುವ ದಿನ ಹುಡುಗರು ಕೂಡಿಕೊಂಡು ಕಡೆಯ ಶೋ ಆಗಲಿ ಎಂದರು. ಟವೆಲ್ ಹೊದ್ದು ನಡುವೆ ನಿಂತೆ. ಈ ಸಲ ಅಸಲು ಎದ್ದು ಬಂದು ಮುಂದಿನ ಸಾಲಿನಲ್ಲೇ ಕೂತಿತ್ತು, ಆದ್ದರಿಂದ ಹೊಟ್ಟೆಯಿಂದಲೇ ಕೂಗಿದೆ. ರಾಗ ಇಲ್ಲ, ಪ್ಲೀಸ್ ಇಲ್ಲ. ಸರಿಯಾಗಿಯೇ ಬರುತ್ತಿತ್ತು. ಹುಡುಗರು ಗಪ್ಪಾಗಿ ಕೇಳುತ್ತಿದ್ದರು. ಅಭ್ಯಾಸಬಲ ನೋಡಿ, ಎಡಗೈ ತಾನಾಗಿ ಹೊಕ್ಕುಳ ಮೇಲೆ ಹೋಗಿ ಕೂತಿತು.

"ಏ, ಕೈ ತಗಿಯೋ!" ಮುಂದಿನ ಸಾಲಿನಿಂದ ಕೂಗು ಬಂತು. ಸೊಂಟದ ಮೇಲೆ ಎರಡೂ ಕೈ ಇಟ್ಟುಕೊಂಡು ಮಾವಶಿ ಎದ್ದು ನಿಂತಿದ್ದರು. "ಅದು ಹಳೇ ಮಾವಶಿ. ಈಗ ಅಲ್ಲೇನೂ ಇಲ್ಲ."